ಸ್ನೋಬ್ಲೋವರ್‌ನ ಬೆಲ್ಟ್, ಚೈನು, ಬೇರಿಂಗ್: ಅಗ್ಗದ ಕಿಟ್, ಡೀಲರ್, ಬೇರಿಂಗ್ ಅಂಗಡಿ

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ನಮ್ಮ ಮನೆಯ ಗಾರ್ಡನ್ ಟ್ರ್ಯಾಕ್ಟರಿನ ಮುಂದೆ ಜೋಡಿಸುವ, ಹಿಮವನ್ನು ಕತ್ತರಿಸಿ ದೂರ ಎಸೆಯುವ 42 ಇಂಚಿನ ಸ್ನೋಬ್ಲೋವರ್‌ಗೆ ಎರಡು ಚಳಿಗಾಲಗಳಲ್ಲಿ ಮೂರು ಕಡೆಯಿಂದ ಬಿಡಿಭಾಗ ತಂದು ಹಾಕಿದ್ದೇನೆ. ಮೊದಲು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಕಿಟ್, ಆಮೇಲೆ ಡೀಲರ್ ಮಾರುವ ಕಂಪನಿಯ ಮೂಲ ಭಾಗ, ಕೊನೆಗೆ ಕಾರ್ಖಾನೆಗಳಿಗೆ ಬೇರಿಂಗ್ ಮತ್ತು ಬೆಲ್ಟ್ ಮಾರುವ ಅಂಗಡಿ. ಇನ್ನು ಮುಂದೆ ನಾನು ಹೋಗುವುದು ಆ ಬೇರಿಂಗ್ ಅಂಗಡಿಗೇ. ಆದರೆ ಅಲ್ಲಿಗೆ ಹೋಗುವ ಬುದ್ಧಿ ಬಂದದ್ದು ಒಂದು ಬೆಲ್ಟಿನ ಎರಡು ಇಂಚಿನ ವ್ಯತ್ಯಾಸದಿಂದ, ಆದ್ದರಿಂದ ಮೊದಲು ಅದನ್ನೇ ವಿವರವಾಗಿ ಹೇಳಬೇಕು.

ಒಂಟೇರಿಯೊ ಸರೋವರದ ದೆಸೆಯಿಂದ ಇಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 100 ಇಂಚಿನ ಆಸುಪಾಸು ಹಿಮ ಬೀಳುತ್ತದೆ. ಪುಡಿಯಂತಿರುವ ಹೊಸ ಹಿಮವನ್ನು ಯಾವ ಸವೆದ ಬೆಲ್ಟಾದರೂ ಎಸೆಯಬಲ್ಲದು. ಬೆಲ್ಟಿನ ನಿಜವಾದ ಪರೀಕ್ಷೆ ನಡೆಯುವುದು ಡ್ರೈವ್‌ವೇ ರಸ್ತೆಗೆ ಸೇರುವ ಕಡೆ, ಪ್ಲೌ ಟ್ರಕ್ಕು ಪಕ್ಕಕ್ಕೆ ತಳ್ಳಿ ಹೋದ ಒದ್ದೆ ಹಿಮದ ದಿಬ್ಬದಲ್ಲಿ. ನಮ್ಮ ಯಂತ್ರದಲ್ಲಿ ಎಂಜಿನ್ನಿನ ಪುಲ್ಲಿಯಿಂದ ಹೊರಟ ಬೆಲ್ಟು ತನ್ನನ್ನು ಬಿಗಿಹಿಡಿಯುವ ಐಡ್ಲರ್ ಪುಲ್ಲಿಗಳನ್ನು ಹಾದು ಅಡ್ಡ ಶಾಫ್ಟನ್ನು ತಿರುಗಿಸುತ್ತದೆ, ಅಲ್ಲಿಂದ ಚೈನು ಆಗರನ್ನು, ಎಂದರೆ ಹಿಮವನ್ನು ಕತ್ತರಿಸಿ ಒಳಗೆಳೆಯುವ ಸುರುಳಿಯನ್ನು, ತಿರುಗಿಸುತ್ತದೆ. ಮೊದಲ ವರ್ಷ ಆ ದಿಬ್ಬಕ್ಕೆ ಬಾಯಿ ಕೊಟ್ಟ ಕೂಡಲೇ ಆಗರ್ ನಿಂತು ಸುಟ್ಟ ರಬ್ಬರಿನ ವಾಸನೆ ಬಂದಾಗ ನಾನು ಬೆಲ್ಟ್, ಎರಡು ಐಡ್ಲರ್ ಮತ್ತು ಚೈನು ಸೇರಿದ 61 ಡಾಲರಿನ ಕಿಟ್ ತರಿಸಿದೆ.

ಹೊಸ ಬೆಲ್ಟ್ ಹಾಕಿದ ಮೇಲೂ ಅದೇ ದಿಬ್ಬದಲ್ಲಿ ಅದೇ ವಾಸನೆ ಬಂತು. ಸ್ಪ್ರಿಂಗ್ ಸಡಿಲವಾಗಿರಬೇಕೆಂದು ಹೊಸ ಸ್ಪ್ರಿಂಗ್ ಹಾಕಿದೆ. ಪುಲ್ಲಿಯ ತೋಡಿನಲ್ಲಿ ಎಣ್ಣೆಯ ಪಸೆ ಇರಬಹುದೆಂದು ಎಲ್ಲವನ್ನೂ ಬಿಚ್ಚಿ ಒರೆಸಿದೆ. ಹೀಗೆ ಎರಡು ದೊಡ್ಡ ಹಿಮಪಾತಗಳು ಕಳೆದುಹೋದವು, ಎರಡು ಸಲವೂ ಡ್ರೈವ್‌ವೇಯ ಕೊನೆಯನ್ನು ಸಲಿಕೆಯಲ್ಲಿ ಅಗೆದೆ. ಮೂರನೆಯ ಬಾರಿ ಗ್ಯಾರೇಜಿನ ನೆಲದ ಮೇಲೆ ಮಲಗಿ ಟಾರ್ಚ್ ಹಿಡಿದು ನೋಡಿದಾಗ, ಬೆಲ್ಟನ್ನು ಬಿಗಿಹಿಡಿಯಬೇಕಾದ ಐಡ್ಲರಿನ ತೋಳು ತನ್ನ ಸೀಳಿನ ಕೊನೆಗೆ ತಾಗಿ ನಿಂತಿರುವುದು ಕಂಡಿತು. ತೋಳಿಗೆ ಮುಂದೆ ಹೋಗಲು ಜಾಗವೇ ಇಲ್ಲದ ಮೇಲೆ ಸ್ಪ್ರಿಂಗ್ ಎಷ್ಟು ಬಲವಾಗಿದ್ದರೇನು, ಅದರ ಎಳೆತ ಬೆಲ್ಟಿಗೆ ತಲುಪುವುದೇ ಇಲ್ಲ.

ಆಗ ಹಳೆಯ ಬೆಲ್ಟನ್ನೂ ಹೊಸದನ್ನೂ ಹೊರಮೈಯ ಸುತ್ತ ಟೇಪಿನಿಂದ ಅಳೆದೆ. ಹಳೆಯದು 90 ಇಂಚು, ಹೊಸದು 92. ಹಳೆಯದರ ಮೇಲೆ ಮಾಸಿದ ಅಕ್ಷರಗಳಲ್ಲಿ 4ಎಲ್900 ಎಂದಿತ್ತು, ಹೊಸದರ ಮೇಲೆ ಎ90 ಎಂದಿತ್ತು. ಎರಡೂ ಅರ್ಧ ಇಂಚು ಅಗಲದ ಬೆಲ್ಟುಗಳೇ, ಎರಡರಲ್ಲೂ 90 ಎಂಬ ಅಂಕಿಯೇ ಇದೆ, ಆದರೆ ಆ ಅಂಕಿಗಳು ಹೇಳುವುದು ಬೇರೆ ಬೇರೆ ಅಳತೆಗಳನ್ನು. 4ಎಲ್ ಸಾಲಿನ ಬೆಲ್ಟಿನಲ್ಲಿ 900 ಎಂದರೆ ಹೊರಸುತ್ತಿನ ಅಳತೆ, ಇಂಚಿನ ಹತ್ತನೆಯ ಭಾಗಗಳಲ್ಲಿ. ಎ ಸೆಕ್ಷನ್ನಿನಲ್ಲಿ 90 ಎಂದರೆ ಒಳಸುತ್ತಿನ ಅಳತೆ, ಅದರ ಹೊರಸುತ್ತು ಸುಮಾರು ಎರಡು ಇಂಚು ಹೆಚ್ಚು. ನಮಗೆ ಬೇಕಾಗಿದ್ದದ್ದು ಎ88. ಕಿಟ್ ಕಟ್ಟಿದವರು ಅಂಕಿಯನ್ನು ಮಾತ್ರ ನೋಡಿ ಬೆಲ್ಟ್ ಹಾಕಿದ್ದರು, ನಾನೂ ಹಾಕುವ ಮುನ್ನ ಅಳೆದು ನೋಡಿರಲಿಲ್ಲ. ಬೆಲ್ಟಿನ ವಿಷಯದಲ್ಲಿ ಅಂಕಿಯ ಹಿಂದಿನ ಅಕ್ಷರವನ್ನು ಓದದೆ ಹಣ ಕೊಡಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುವುದು ಇದಕ್ಕಾಗಿಯೇ.

ಕಿಟ್ಟಿನ ಐಡ್ಲರ್‌ಗಳ ಬಗ್ಗೆ ದೂರಿಲ್ಲ, ಅವು ಈಗಲೂ ಸದ್ದಿಲ್ಲದೆ ತಿರುಗುತ್ತಿವೆ.

ಜನವರಿಯ ನಡುವೆ ಕಾಯುವ ಸಮಯವಿರಲಿಲ್ಲವಾದ್ದರಿಂದ ಡೀಲರ್ ಬಳಿ ಹೋಗಿ 58 ಡಾಲರಿಗೆ ಮೂಲ ಬೆಲ್ಟನ್ನೇ ತಂದೆ. ಅದು ಹಾಕಿದ ದಿನವೇ ಸರಿಯಾಗಿ ಕೂತಿತು, ಒದ್ದೆ ದಿಬ್ಬವನ್ನು ಒಂದೇ ಸಮನೆ ಕತ್ತರಿಸಿ ಎಸೆಯಿತು. ಅದರೊಳಗಿನ ಎಳೆಗಳು ಅರಾಮಿಡ್‌ನವು, ಕಿಟ್ಟಿನದು ಪಾಲಿಯೆಸ್ಟರ್ ಎಂದು ಅದರ ಹೊದಿಕೆಯ ಮೇಲೆಯೇ ಬರೆದಿತ್ತು. ಆಗಾಗ ಸಡಿಲಗೊಂಡು ಮತ್ತೆ ಬಿಗಿಯಾಗುವ ಇಂಥ ಬೆಲ್ಟಿಗೆ ಹಿಗ್ಗದ ಅರಾಮಿಡ್ ಎಳೆಯೂ ಬಟ್ಟೆ ಸುತ್ತಿದ ಹೊರಮೈಯೂ ಬೇಕು. ಡೀಲರ್ ಭಾಗದ ಗುಣಮಟ್ಟದಲ್ಲಿ ಕೊರತೆಯಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮರುವರ್ಷ ಅಡ್ಡ ಶಾಫ್ಟಿನ ಬೇರಿಂಗ್ ಕಿರುಗುಟ್ಟಲು ತೊಡಗಿದಾಗ, ಬೇರಿಂಗ್ ಬಿಡಿಯಾಗಿ ಸಿಗುವುದಿಲ್ಲ, ಶಾಫ್ಟ್ ಸಮೇತ ಇಡೀ ಜೋಡಣೆಗೆ 190 ಡಾಲರ್ ಎಂದರು. ಎರಡು ಬೇರಿಂಗಿಗಾಗಿ ಅಷ್ಟು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪನ ಹಿಟ್ಟಿನ ಗಿರಣಿಯ ಬೆಲ್ಟು ಹರಿದರೆ ಅವರು ಹರಿದದ್ದನ್ನೇ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿ, ಅದರೊಂದಿಗೆ ಹಿಡಿದು ನೋಡಿ ಹೊಸದನ್ನು ತರುತ್ತಿದ್ದರು. ನಾನೂ ಹಾಗೆಯೇ ಹಳೆಯ ಬೇರಿಂಗ್, ಚೈನು, ಬೆಲ್ಟು ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಬೇರಿಂಗಿನ ಮೇಲೆ 6203 ಎಂದಿದ್ದರೂ ಕೌಂಟರಿನವರು ಕ್ಯಾಲಿಪರ್ ಹಚ್ಚಿ ನೋಡಿದರು. ಸಾಮಾನ್ಯ 6203ರ ಒಳರಂಧ್ರ 17 ಮಿ.ಮೀ., ನಮ್ಮ ಶಾಫ್ಟ್ 5/8 ಇಂಚು, ಎಂದರೆ 15.875 ಮಿ.ಮೀ. ಹೊರ ಅಳತೆ ಅದೇ ಆಗಿದ್ದು ಒಳರಂಧ್ರ ಮಾತ್ರ 5/8 ಇಂಚು ಇರುವ ಬೇರಿಂಗ್ ಬೇರೆಯೇ ಬರುತ್ತದೆ, ಅದನ್ನೇ ಕೊಟ್ಟರು. ನಾನು ಅಂಕಿ ನೋಡಿ ಆನ್‌ಲೈನಿನಲ್ಲಿ ತರಿಸಿದ್ದರೆ ಬೆಲ್ಟಿನ ಕಥೆಯೇ ಮತ್ತೊಮ್ಮೆ ನಡೆಯುತ್ತಿತ್ತು. ಎರಡು ಬೇರಿಂಗ್, ಹೊರಸುತ್ತು 90 ಇಂಚಿನ ಒಂದು ಅರಾಮಿಡ್ ಬೆಲ್ಟ್, 40ನೇ ನಂಬರಿನ ಚೈನು, ಎಲ್ಲ ಸೇರಿ 74 ಡಾಲರ್.

ಚೈನನ್ನು ಅಳೆಯುವುದು ಸುಲಭ. 40ನೇ ನಂಬರಿನ ಚೈನಿನ ಪಿಚ್, ಎಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ, ಅರ್ಧ ಇಂಚು, ಆದ್ದರಿಂದ 12 ಕೊಂಡಿಗಳು ಸರಿಯಾಗಿ 6 ಇಂಚು ಇರಬೇಕು. ನನ್ನ ಹಳೆಯದು 6 ಇಂಚಿನ ಮೇಲೆ 3/16 ಇಂಚು ಹಿಗ್ಗಿತ್ತು, ಅಂದರೆ ಶೇ. 3ಕ್ಕೂ ಹೆಚ್ಚು, ಅಷ್ಟಾದ ಮೇಲೆ ಇಟ್ಟುಕೊಳ್ಳಬಾರದು. ಜೋಡಿಸುವ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ಆಗರ್ ಸಿಕ್ಕಿಕೊಂಡಾಗ ತಾನು ಮುರಿದು ಯಂತ್ರವನ್ನು ಉಳಿಸುವ ಶಿಯರ್ ಬೋಲ್ಟಿನ ಜಾಗದಲ್ಲಿ ಗಟ್ಟಿ ಉಕ್ಕಿನ ಬೋಲ್ಟ್ ಹಾಕುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಕೈ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ.

ನನ್ನ ಬಳಿ ಬೇರಿಂಗ್ ಪುಲ್ಲರ್ ಇದೆ, ವೈಸ್ ಇದೆ, ಶನಿವಾರದ ಬೆಳಗ್ಗೆ ಗ್ಯಾರೇಜಿನಲ್ಲಿ ಕಳೆಯುವುದು ನನಗೆ ಇಷ್ಟದ ಕೆಲಸ. ಹಾಗಾಗಿಯೇ ಬೇರಿಂಗ್ ಅಂಗಡಿ ನನಗೆ ಹೊಂದುತ್ತದೆ. ಬೇರಿಂಗ್ ಬಡಿದು ಕೂರಿಸುವ ಅಭ್ಯಾಸವಿಲ್ಲದವರು, ನಾಳೆ ಬೆಳಗ್ಗೆ ಆರಕ್ಕೆ ಕಾರು ಹೊರತೆಗೆಯಲೇಬೇಕಾದವರು ಡೀಲರ್ ಬಳಿಯೇ ಹೋಗಲಿ, ಆ ಹಣ ವ್ಯರ್ಥವಲ್ಲ. ಕಿಟ್ಟಿನ ಚೈನು ಒಂದೇ ಚಳಿಗಾಲದಲ್ಲಿ ಅಷ್ಟು ಹಿಗ್ಗಿದ್ದರಿಂದ ಮತ್ತೆ ಕಿಟ್ ಕೊಳ್ಳುವ ವಿಚಾರ ನನಗಿಲ್ಲ. ಚೈನು ಕೂರುವ ಹಲ್ಲುಚಕ್ರದ, ಎಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳೂ ಕೊಕ್ಕೆಯಂತೆ ಬಾಗಿವೆ, ಅವು ಹೊಸ ಚೈನನ್ನೂ ಬೇಗ ತಿಂದುಹಾಕುತ್ತವೆ. ಬರುವ ಅಕ್ಟೋಬರಿನಲ್ಲಿ ಹಿಮ ಬೀಳುವ ಮುನ್ನ ಅದನ್ನೂ ಬಿಚ್ಚಿ ಅದೇ ಅಂಗಡಿಗೆ ಕೊಂಡೊಯ್ಯುತ್ತೇನೆ.