ದತ್ತು ಮಗನಿಗೆ ಪರ್ಸನಾಲಿಟಿ ಟೆಸ್ಟ್: ದಾವಣಗೆರೆಯ ಒಂದು ಕ್ಲಿನಿಕ್
ನಮ್ಮ ದತ್ತು ಮಗನಿಗೆ ಇಪ್ಪತ್ತು ದಾಟಿದೆ. ಹೆತ್ತ ತಾಯಿಗೆ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಇತ್ತು ಅಂತ ಗೊತ್ತಾದಾಗಿನಿಂದ ತುಂಬಾ ಹೆದರಿದ್ದ. ಅದಕ್ಕೇ ದಾವಣಗೆರೆಯ ವಿದ್ಯಾನಗರದ ಕಡೆಯ ಒಂದು ಕ್ಲಿನಿಕ್‌ನಲ್ಲಿ ಎಂಎಂಪಿಐ-2 ಅನ್ನುವ ಪರ್ಸನಾಲಿಟಿ ಟೆಸ್ಟ್ ಮಾಡಿಸಿದೆವು. 567 ಹೇಳಿಕೆಗಳು, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಅಂತ ಉತ್ತರಿಸಬೇಕು, ಸುಸ್ತಾಗುತ್ತದೆ. ಸೈಕಾಲಜಿಸ್ಟ್ ಮಾತ್ರ ಸ್ವಲ್ಪವೂ ಅವಸರ ಮಾಡಲಿಲ್ಲ. ಈ ಟೆಸ್ಟ್ ಈಗಿನ ಮನಸ್ಸಿನ ಸ್ಥಿತಿ ತೋರಿಸುತ್ತದೆ, ಮುಂದೆ ಕಾಯಿಲೆ ಬರುತ್ತದೋ ಇಲ್ಲವೋ ಹೇಳುವುದಿಲ್ಲ ಅಂತ ಮೊದಲೇ ಬಿಡಿಸಿ ಹೇಳಿದರು. ಇಷ್ಟು ನೇರವಾಗಿ ಯಾರು ಹೇಳುತ್ತಾರೆ, ಅಲ್ವಾ?

ಹೆಸ್ಟನ್ ಅನ್ನುವ ಮನೋವೈದ್ಯರ 1966ರ ಅಧ್ಯಯನವನ್ನೂ ವಿವರಿಸಿದರು: ಇಂಥ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೂಡಲೇ ಬೇರೆಯಾಗಿ ಬೆಳೆದ 47 ಮಕ್ಕಳಲ್ಲಿ ಈ ಕಾಯಿಲೆ ಬಂದಿದ್ದು 5 ಜನರಿಗೆ. ಫಿನ್ಲೆಂಡಿನ ಅಧ್ಯಯನದಲ್ಲಿ, ದತ್ತು ಮನೆಯ ವಾತಾವರಣ ಚೆನ್ನಾಗಿದ್ದಲ್ಲಿ ಅಪಾಯ ಕಡಿಮೆ ಕಂಡಿತಂತೆ. ಮಗನ ಮುಖ ಆಗಲೇ ಸಡಿಲವಾಯಿತು. ರಿಪೋರ್ಟ್ ಇಂಗ್ಲಿಷ್‌ನಲ್ಲಷ್ಟೇ ಕೊಟ್ಟರು, ಕನ್ನಡದಲ್ಲೂ ಬೇಕಿತ್ತು.