ಟೈಪ್-ಸಿ ಮಸಾಜ್ ಗನ್ನೋ, ಅಡಾಪ್ಟರ್ ಗನ್ನೋ: ಬನಹಟ್ಟಿಯ ಮಗ್ಗದ ಮನೆಯಲ್ಲಿ ಬಾಳಿದ್ದು ಯಾವುದು

ಮಸಾಜ್ ಗನ್, ಅಂದರೆ ಬಿಗಿದ ಮೈಗೆ ಟಕಟಕ ಬಡಿಯುವ ಬ್ಯಾಟರಿ ಮಷಿನ್, ತೊಗೊಳ್ಳೋರಿಗೆ ಮೊದಲೇ ಹೇಳಿಬಿಡುತ್ತೇನೆ, ಈಗಿನ ಫೋನಿನ ಹಾಗೆ ಟೈಪ್-ಸಿ ಚಾರ್ಜಿಂಗ್ ಇರುವ ಸಣ್ಣದನ್ನೇ ತೊಗೊಳ್ಳಿ. ನಮ್ಮ ಮನೆಯಲ್ಲಿ ಎರಡೂ ಇವೆ. ದೊಡ್ಡದು ಕಾಕಾ ತಂದದ್ದು, ದುಂಡು ಪಿನ್ನಿನ ಅಡಾಪ್ಟರ್‌ನದು. ಸಣ್ಣದು ಆಮೇಲೆ ನಾನು ತಂದದ್ದು, ಹೆಚ್ಚೂಕಡಿಮೆ ಅದರ ಅರ್ಧ ಬೆಲೆಗೆ. ನಮ್ಮದು ಪವರ್‌ಲೂಮ್ ಕೆಲಸ. ದಿನವಿಡೀ ನಿಂತು, ಬಗ್ಗಿ, ಹರಿದ ಎಳೆಗೆ ಗಂಟು ಹಾಕಿ ಸಂಜೆಗೆ ಹೆಗಲು ಬಿಗಿದು ಹೋಗಿರುತ್ತದೆ. ಹಾಗಾಗಿ ಎರಡಕ್ಕೂ ದಿನಾ ಕೆಲಸ ಇದೆ.

ಬಡಿತದ ಜೋರಿನಲ್ಲಿ ದೊಡ್ಡದೇ ಮೇಲು. ಅದರ ತಲೆ 12 ಮಿ.ಮೀ. ಹಿಂದೆ ಮುಂದೆ ಆಡುತ್ತದೆ, ಸಣ್ಣದರದ್ದು 7. ತೊಡೆಯಂಥ ದಪ್ಪ ಮಾಂಸಖಂಡಕ್ಕೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಕಿಲೋ ಭಾರದ್ದನ್ನು ನಮ್ಮ ಹೆಗಲಿಗೆ ನಾವೇ ಹಿಡಿದುಕೊಂಡರೆ ಕೈ ಸೋಲುತ್ತದೆ.

ಸದ್ದು: ಸಣ್ಣದು ಕಡಿಮೆ. ಪೆಟ್ಟಿಗೆ: ದೊಡ್ಡದಕ್ಕೆ ಗಟ್ಟಿಯದು ಬಂದಿತ್ತು, ಸಣ್ಣದಕ್ಕೆ ಬರೀ ಚೀಲ.

ಈಗ ಪಿನ್ನಿನ ವಿಷಯ. ಒಂದು ದಿನ ಕರೆಂಟ್ ಹೋಗಿ ಬಂದಾಗ ದೊಡ್ಡದರ ಅಡಾಪ್ಟರ್ ಸತ್ತಿತು. ಗನ್ ಚೆನ್ನಾಗಿಯೇ ಇತ್ತು. ಬರೀ ಅಡಾಪ್ಟರ್ ಬೇಕಿತ್ತು. ಕಂಪನಿಗೆ ಫೋನ್ ಮಾಡಿದರೆ ಅದನ್ನು ಬಿಡಿಯಾಗಿ ಮಾರುವುದಿಲ್ಲ ಅಂದರು. ಬನಹಟ್ಟಿ ಆಯಿತು, ಜಮಖಂಡಿ ಆಯಿತು. ಒಂದು ಅಂಗಡಿಯವರು ಡಬ್ಬಿ ತುಂಬ ಅಡಾಪ್ಟರ್ ಸುರುವಿ, "ಅಣ್ಣಾರ, ಪಿನ್ ಕೂತ್ರ ಮುಗೀತಲ್ರಿ" ಅಂದರು. ಪಿನ್ ಕೂತರೆ ಮುಗಿಯುವುದಿಲ್ಲ, ಇದನ್ನು ಎಲ್ಲರೂ ತಿಳಿದಿರಬೇಕು. ದೊಡ್ಡದರೊಳಗೆ ಆರು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರುತ್ತಾರೆ. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್. ಆರಕ್ಕೆ 25.2 ಆಯಿತು, ಚಾರ್ಜರೂ ಅಷ್ಟೇ ವೋಲ್ಟಿನದು ಬೇಕು. ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಪಿನ್ ಕೂರುತ್ತದೆ, ಚಾರ್ಜ್ ಆಗುವುದಿಲ್ಲ. ನೀರಿನ ಫಿಲ್ಟರ್ ಮಷಿನ್ನಿನ 24 ವೋಲ್ಟಿನದೂ ಕೂರುತ್ತದೆ, ಲೈಟೂ ಬರಬಹುದು. ಆದರೆ ಅದು ಬರೀ ಕರೆಂಟ್ ಕೊಡುವ ಅಡಾಪ್ಟರ್, ಬ್ಯಾಟರಿ ಚಾರ್ಜರ್ ಅಲ್ಲ. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಲೆಕ್ಕ ಅದಕ್ಕಿಲ್ಲ. ಗನ್ನಿನೊಳಗೂ ಆ ವ್ಯವಸ್ಥೆ ಇಲ್ಲದಿದ್ದರೆ ಬ್ಯಾಟರಿ ಬಿಸಿಯಾಗುತ್ತದೆ, ಬೆಂಕಿಯ ಭಯವೂ ಇದೆ. ಸುತ್ತ ನೂಲು, ಬಟ್ಟೆ ಇರುವ ಮನೆ ನಮ್ಮದು. ಅದಕ್ಕೇ ಕಾಕಾ ಬೇಡವೇ ಬೇಡ ಅಂದರು, ಸರಿಯಾಗಿಯೇ ಅಂದರು.

ಕೊನೆಗೆ 25.2 ಅಂತಲೇ ಬರೆದ ಚಾರ್ಜರ್ ಆನ್‌ಲೈನಿನಲ್ಲಿ ಸಿಕ್ಕಿತು. ಆದರೆ ಅಷ್ಟರಲ್ಲಿ ಮಳೆಗಾಲ ಕಳೆದಿತ್ತು, ಗನ್ ಪೂರ್ತಿ ಖಾಲಿಯಾಗಿ ಕೂತಿತ್ತು. ಲಿಥಿಯಂ ಬ್ಯಾಟರಿಗೆ ಇದೇ ಆಗಿ ಬರುವುದಿಲ್ಲ. ಬಳಸದೆ ಇಟ್ಟರೂ ಚಾರ್ಜ್ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ತೀರ ಕೆಳಗಿಳಿದರೆ ಸೆಲ್ ಕೆಡುತ್ತದೆ, ಮತ್ತೆ ಮೊದಲಿನಷ್ಟು ಹಿಡಿಯುವುದಿಲ್ಲ. ಕಾಕಾನ ಗನ್ ಈಗ ಓಡುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ಕೆಟ್ಟರೆ ಬೇರೆ ಸಿಗದ ಅಡಾಪ್ಟರ್ ಒಂದು ಒಳ್ಳೆಯ ಮಷಿನ್ನಿನ ಆಯುಸ್ಸು ತಿಂದಿತು ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬಹಳ ದಿನ ಬಳಸದೆ ಇಡೋದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ನಡುನಡುವೆ ತೆಗೆದು ನೋಡಿ.

ಸಣ್ಣದಕ್ಕೆ ಈ ಗೋಳಿಲ್ಲ. ಮನೆಯ ಹಳೆಯ ಫೋನ್ ಚಾರ್ಜರ್ ಸಾಕು. ಒಂದು ಮಾತು ಮಾತ್ರ ಗಮನಿಸಿ. ಎರಡೂ ತುದಿಗೆ ಟೈಪ್-ಸಿ ಇರುವ ಹೊಸ ಫೋನಿನ ಕೇಬಲ್ ಹಾಕಿದರೆ ಇದು ಚಾರ್ಜ್ ಆಗುವುದಿಲ್ಲ. ಆ ಚಾರ್ಜರ್ ಕರೆಂಟ್ ಬಿಡಬೇಕಾದರೆ ಈ ಕಡೆಯ ಸಾಕೆಟ್ಟಿನಲ್ಲಿ ಎರಡು ಸಣ್ಣ ರೆಸಿಸ್ಟರ್ ಇರಬೇಕು. ಎಷ್ಟೋ ಅಗ್ಗದ ಮಷಿನ್ನುಗಳಲ್ಲಿ ಅದನ್ನು ಹಾಕಿರುವುದಿಲ್ಲ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ, ಲೈಟ್ ಬರುತ್ತದೆ. ಗನ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ನಮ್ಮ ಕಡೆ ಇನ್ನೊಂದು ಶತ್ರು ಹತ್ತಿ ಧೂಳು. ದೊಡ್ಡದರ ಹಿಂದೆ ಗಾಳಿ ಕಿಂಡಿ, ಒಳಗೆ ಸಣ್ಣ ಫ್ಯಾನ್. ಒಂದು ಸಲ ಟಾರ್ಚ್ ಹಿಡಿದು ನೋಡಿದೆ. ಕಿಂಡಿ ಕಿಂಡಿಗೂ ಬೂದುಬಣ್ಣದ ಪದರ ಕಟ್ಟಿತ್ತು. ಚಿಮಟದಿಂದ ಎಳೆದರೆ ಹರಿಯದೆ ಉದ್ದಕ್ಕೆ ಕಂಬಳಿ ಚೂರಿನ ಹಾಗೆ ಬಂತು. ಗಾಳಿ ಆಡದಿದ್ದರೆ ಮೋಟಾರೂ ಬ್ಯಾಟರಿಯೂ ಬೇಯುತ್ತವೆ ಅಲ್ವಾ? ಮಗ್ಗ ಊದುವ ಕಂಪ್ರೆಸರ್ ಪೈಪನ್ನೇ ಇದಕ್ಕೂ ಹಿಡಿಯಬೇಡಿ. ಆ ಜೋರಿಗೆ ಧೂಳು ಇನ್ನೂ ಒಳಗೆ ಹೋಗುತ್ತದೆ, ಫ್ಯಾನ್ ಅಳತೆ ಮೀರಿ ತಿರುಗುತ್ತದೆ. ಒಣ ಹಲ್ಲುಜ್ಜುವ ಬ್ರಷ್ ಸಾಕು. ಸಣ್ಣದರಲ್ಲಿ ಕಿಂಡಿ ಕಡಿಮೆ, ಹಾಗಾಗಿ ಧೂಳೂ ಕಡಿಮೆ. ಆದರೆ ಅದು ಬೇಗ ಬಿಸಿಯಾಗುತ್ತದೆ. ಹತ್ತು ನಿಮಿಷಕ್ಕೆ ತಾನೇ ನಿಂತಾಗ ತಕ್ಷಣ ಮತ್ತೆ ಒತ್ತದೆ ತಣ್ಣಗಾಗಲು ಬಿಡುತ್ತೇನೆ.

ಎರಡಕ್ಕೂ ಜೋರಾಗಿ ಒತ್ತುವುದು ಒಳ್ಳೆಯದಲ್ಲ. ಒತ್ತಿದಷ್ಟೂ ಮೋಟಾರ್ ತಡವರಿಸುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ. ಮೈಮೇಲೆ ಹಗುರಾಗಿ ಇಟ್ಟು ಸರಿಸಿದರೆ ಸಾಕು. ಮೂಳೆಯ ಮೇಲೆ, ಕತ್ತಿನ ಮುಂಭಾಗಕ್ಕೆ ಬೇಡವೇ ಬೇಡ.

ಗನ್ನಿಗೆ ಬದಲಿಸಿ ಹಾಕುವ ತಲೆಗಳಲ್ಲಿ ಸಿಲಿಕೋನಿನದು ನನಗೆ ಇಷ್ಟ. ಎಣ್ಣೆ ಹಚ್ಚಿಕೊಂಡ ಮೈಮೇಲೆ ಸ್ಪಂಜಿನ ತಲೆ ಆಡಿಸಿದರೆ ಅದು ಎಣ್ಣೆ, ಬೆವರು ಎಲ್ಲ ಹೀರಿ ವಾಸನೆ ಬರುತ್ತದೆ, ಆಮೇಲೆ ಪುಡಿ ಉದುರುತ್ತದೆ. ಸಿಲಿಕೋನಿನದನ್ನು ಹಿಂಡಿದ ಹಸಿ ಅರಿವೆಯಿಂದ ಒರೆಸಿದರೆ ಮುಗಿಯಿತು. ತಲೆ ಕೂರುವ ತೂತಿಗೆ ಮಾತ್ರ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಅಂಟುತ್ತದೆ, ತಲೆಯೂ ಜಾರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತಗಡಿನ ಶೆಡ್ ಕಾವಲಿಯಾಗಿರುತ್ತದೆ. ಅಲ್ಲಿ ಚಾರ್ಜ್ ಹಾಕುವುದಿಲ್ಲ. 45 ಡಿಗ್ರಿ ಮೇಲೆ ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್ ಕೆಟ್ಟದ್ದು. ರಾತ್ರಿ ಒಳಮನೆಯಲ್ಲಿ, ಎಲ್ಲರೂ ಮಲಗುವ ಮುಂಚೆ ಹಾಕಿ ತೆಗೆಯುತ್ತೇನೆ. ಗನ್ ಬಿಸಿಯಾಗಿದ್ದಾಗಲೂ ಹಾಕುವುದಿಲ್ಲ.

ನನ್ನ ಹೆಗಲಿಗೆ, ನನ್ನ ಜೇಬಿಗೆ ಸಣ್ಣದೇ ಸರಿ. ಗರಡಿ ಮನೆಯ ಹುಡುಗರು, ಸೈಕಲ್ ರೇಸಿನವರು ದೊಡ್ಡದನ್ನೇ ತೊಗೊಳ್ಳಲಿ, ಅವರ ತೊಡೆಗೆ ಅದೇ ಬೇಕು. ಆದರೆ ದುಡ್ಡು ಕೊಡುವ ಮುಂಚೆ ಇನ್ನೊಂದು ಅಡಾಪ್ಟರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಸಿಗುವುದಿಲ್ಲ ಅಂದರೆ ಬೇರೆ ಕಂಪನಿಯದು ನೋಡಿ.