ನಾಲ್ಕನೆಯ ಸಿಂಫೊನಿಯನ್ನು ಕೇಳಿ, ಆಮೇಲೆ ಬಾಕ್ಸ್ ಸೆಟ್ ಕೊಳ್ಳಿ

ಬೀಥೋವನ್‌ನ ಒಂಬತ್ತೂ ಸಿಂಫೊನಿಗಳ (ಪೂರ್ಣ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೀರ್ಘ ಕೃತಿಗಳ) ಬಾಕ್ಸ್ ಸೆಟ್ ಆರಿಸಲು ಹೊರಟವರು ಸಾಮಾನ್ಯವಾಗಿ ಐದನೆಯದನ್ನೋ ಒಂಬತ್ತನೆಯದನ್ನೋ ಮೊದಲು ಕೇಳುತ್ತಾರೆ. ಅದು ಸರಿಯಾದ ಪರೀಕ್ಷೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಐದನೆಯದು ಬೇಕೆಂದರೆ ಬಿಡಿಯಾಗಿಯೇ ಸಿಗುತ್ತದೆ. ವಾದ್ಯವೃಂದ ನಿರ್ದೇಶಕ ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಧ್ವನಿಮುದ್ರಿಸಿದ್ದನ್ನು ಮೀರಿಸುವ ಐದನೆಯದು ಯಾವ ಸೆಟ್‌ನಲ್ಲೂ ನನಗೆ ಸಿಕ್ಕಿಲ್ಲ. ಇಡೀ ಸೆಟ್‌ಗೆ ಹಣ ಹಾಕಿದಾಗ ನಮಗೆ ನಿಜವಾಗಿ ದಕ್ಕುವುದು ನಾವು ಬಿಡಿಯಾಗಿ ಎಂದೂ ಕೊಳ್ಳದ ಎರಡು, ನಾಲ್ಕು ಮತ್ತು ಎಂಟು. ಅವು ಚೆನ್ನಾಗಿಲ್ಲದಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಆ ಸೆಟ್ ಬೇಡ.

ಬೆಂಗಳೂರಿನಲ್ಲಿ ಇರುವವರಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪೂರ್ಣ ವಾದ್ಯವೃಂದದ ಕಛೇರಿ ಇಲ್ಲಿ ಅಪರೂಪ. 2006ರಲ್ಲಿ ಆರಂಭವಾದ ಸಿಂಫೊನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕೂಡ ನೆಲೆಸಿರುವುದು ಮುಂಬೈಯಲ್ಲಿ. ನಾಲ್ಕನೆಯದನ್ನು ಎದುರು ಕುಳಿತು ಕೇಳುವ ಅವಕಾಶಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದ ಊರಿನಲ್ಲಿ ಧ್ವನಿಮುದ್ರಿಕೆಯೇ ನಮ್ಮ ಸಭಾಂಗಣ.

ನಾನು ಹೋಲಿಸಿ ನೋಡಿದ್ದು ನಾಲ್ವರು ನಿರ್ದೇಶಕರ ನಾಲ್ಕು ಸೆಟ್‌ಗಳನ್ನು: ಕಾರಾಯಾನ್ (ಬರ್ಲಿನ್ ಫಿಲ್‌ಹಾರ್ಮೋನಿಕ್), ಕ್ಲೆಂಪರರ್ (ಲಂಡನ್ನಿನ ಫಿಲ್‌ಹಾರ್ಮೋನಿಯಾ), ಜಾರ್ಜ್ ಸೆಲ್ (ಕ್ಲೀವ್‌ಲ್ಯಾಂಡ್) ಮತ್ತು ಜಾನ್ ಎಲಿಯಟ್ ಗಾರ್ಡಿನರ್. ಕೇಳಿದ್ದು ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ, ಸಾಧಾರಣ ಸ್ಪೀಕರ್‌ಗಳಲ್ಲಿ, ಬೇಸಿಗೆಯಾದ್ದರಿಂದ ಫ್ಯಾನ್ ತಿರುಗುತ್ತಿರುವಾಗ. ಕೆಲವನ್ನು ಮೆಟ್ರೋದಲ್ಲಿ ಹೆಡ್‌ಫೋನ್ ಹಾಕಿಕೊಂಡೂ ಕೇಳಿದ್ದೇನೆ. ಈ ಪರಿಸರವನ್ನು ಬಿಟ್ಟು ತೀರ್ಪು ಕೊಟ್ಟರೆ ನಮ್ಮಂಥವರಿಗೆ ಪ್ರಯೋಜನವಿಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡ ಜಾಗ ನಾಲ್ಕನೆಯ ಸಿಂಫೊನಿಯ ಎರಡನೆಯ ಭಾಗ, ನಿಧಾನಗತಿಯ ಅಡಾಜಿಯೊ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದರ ಬಾಗಿಲು ತಾನಾಗಿಯೇ ತೆರೆಯುತ್ತದೆ. ಆರಂಭದಲ್ಲಿ ಎರಡನೆಯ ಪಿಟೀಲುಗಳು ಷಡ್ಜ ಮತ್ತು ಕೆಳಗಿನ ಪಂಚಮದ ನಡುವೆ ಕುಂಟುವ ಲಯದಲ್ಲಿ ಓಲಾಡುತ್ತವೆ. ಅದರ ಮೇಲೆ ಮೊದಲ ಪಿಟೀಲುಗಳು ದೀರ್ಘವಾಗಿ ಇಳಿಯುವ ಒಂದು ಸಾಲನ್ನು ಹಾಡುತ್ತವೆ. ಆ ಓಲಾಟ ಇಡೀ ಭಾಗದುದ್ದಕ್ಕೂ ಒಂದೊಂದು ವಾದ್ಯದಲ್ಲಿ ಮರಳಿ ಬರುತ್ತದೆ. ಇನ್ನೇನು ಮುಗಿಯಿತು ಎನ್ನುವ ಹೊತ್ತಿಗೆ ಅದೇ ಸ-ಪ ಲಯವನ್ನು ಟಿಂಪನಿ (ಕಡಾಯಿಯಾಕಾರದ ಚರ್ಮವಾದ್ಯ) ಒಂದೇ, ಬೇರೆ ಯಾವ ಆಸರೆಯೂ ಇಲ್ಲದೆ, ಮೆಲ್ಲಗೆ ನುಡಿಸುತ್ತದೆ. ಆ ಕೆಲವು ಸೆಕೆಂಡುಗಳು ಸರಿಯಾಗಿ ಕೇಳಿಸಿದರೆ ನಿರ್ದೇಶಕನಿಗೂ ಧ್ವನಿಮುದ್ರಕನಿಗೂ ಕೈ ಮುಗಿಯಬೇಕು.

ಗಾರ್ಡಿನರ್ ಸೆಟ್‌ನಲ್ಲಿ ಅದು ಅದ್ಭುತವಾಗಿ ಕೇಳಿಸುತ್ತದೆ. ಅವರ ವಾದ್ಯವೃಂದ ಬೀಥೋವನ್ ಕಾಲದ ಮಾದರಿಯ ವಾದ್ಯಗಳನ್ನು ನುಡಿಸುತ್ತದೆ: ಕರುಳಿನ ತಂತಿಯ ಪಿಟೀಲುಗಳು, ಕವಾಟಗಳಿಲ್ಲದ ಹಾರ್ನ್‌ಗಳು, ಗಟ್ಟಿ ಕೋಲಿನಿಂದ ಬಾರಿಸುವ ಟಿಂಪನಿ. ಶ್ರುತಿಯೂ ಇಂದಿನದಕ್ಕಿಂತ ತುಸು ಕೆಳಗೆ. ಟಿಂಪನಿಯ ಎರಡೂ ಸ್ವರಗಳು ಚರ್ಮದ ನಾದದೊಂದಿಗೆ ಬಿಡಿಬಿಡಿಯಾಗಿ ಬರುತ್ತವೆ. ಕೊನೆಯ ಭಾಗದಲ್ಲಿ ಬಸೂನ್ (ಮಂದ್ರ ದನಿಯ ಮರದ ಗಾಳಿವಾದ್ಯ) ಒಂಟಿಯಾಗಿ ಓಡುವ ಕುಖ್ಯಾತ ಜಾಗವೊಂದಿದೆ. ಎಷ್ಟೋ ಮುದ್ರಿಕೆಗಳಲ್ಲಿ ಅದು ತೊದಲಿನಂತೆ ಕೇಳಿಸಿದರೆ ಇಲ್ಲಿ ಒಂದೊಂದು ಸ್ವರವನ್ನೂ ಎಣಿಸಬಹುದು. ಬೀಥೋವನ್ 1817ರಲ್ಲಿ ತನ್ನ ಮೊದಲ ಎಂಟು ಸಿಂಫೊನಿಗಳಿಗೆ ಮೆಟ್ರೊನೋಮ್ ಸಂಖ್ಯೆಗಳನ್ನು (ನಿಮಿಷಕ್ಕೆ ಎಷ್ಟು ಎಣಿಕೆ ಎಂದು ವೇಗ ಸೂಚಿಸುವ ಅಂಕಿಗಳನ್ನು) ಪ್ರಕಟಿಸಿದ. ಗಾರ್ಡಿನರ್ ಅವುಗಳನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆದ್ದರಿಂದ ಕಾಲಪ್ರಮಾಣ ಚುರುಕು. ಎರಡನೆಯ ಮತ್ತು ನಾಲ್ಕನೆಯ ಸಿಂಫೊನಿಗಳಿಗೆ ಇದು ಜೀವ ತುಂಬಿದೆ. ಮೂರನೆಯದರ ಶವಯಾತ್ರೆಯ ನಡೆಗೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಾಯಾನ್ ಸುಮಾರು 17 ನಿಮಿಷ ತೆಗೆದುಕೊಳ್ಳುವ ಆ ಭಾಗವನ್ನು ಗಾರ್ಡಿನರ್ 13ರ ಆಸುಪಾಸಿನಲ್ಲಿ ಮುಗಿಸುತ್ತಾರೆ. ಸಂಖ್ಯೆಯ ಪ್ರಕಾರ ಅವರೇ ಸರಿಯಿರಬಹುದು, ಆದರೆ ದುಃಖಕ್ಕೆ ಅಲ್ಲಿ ನಿಲ್ಲಲು ಜಾಗ ಸಾಲದು.

ಕಾರಾಯಾನ್ ಸೆಟ್ ಎಲ್ಲರಿಗೂ ಗೊತ್ತಿರುವುದೇ. ಆದರೆ ಯಾವ ಕಾರಾಯಾನ್ ಎಂದು ಕೇಳಿಕೊಳ್ಳಿ. ಧ್ವನಿಮುದ್ರಣ ಕಂಪನಿ ಡಾಯ್ಚ ಗ್ರಾಮೊಫೋನ್‌ಗೆ ಅವರು ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲೂ ಒಂಬತ್ತನ್ನೂ ಮತ್ತೆ ಧ್ವನಿಮುದ್ರಿಸಿದ್ದಾರೆ. ಪೆಟ್ಟಿಗೆಯ ಹಿಂಭಾಗದಲ್ಲಿ 1961-62 ಎಂದಿದೆಯೇ ನೋಡಿ. ಬರ್ಲಿನ್‌ನ ದಾಲೆಮ್ ಬಡಾವಣೆಯ ಚರ್ಚೊಂದರಲ್ಲಿ ಮುದ್ರಿಸಿ 1963ರಲ್ಲಿ ಹೊರತಂದ ಆ ಸೆಟ್ಟೇ ಮೂರರಲ್ಲಿ ಶ್ರೇಷ್ಠ. ತಂತಿವಾದ್ಯಗಳ ಕಾಂತಿಗೆ ಸಾಟಿಯಿಲ್ಲ. ನಾಲ್ಕನೆಯದರ ಆರಂಭದ ಕತ್ತಲೆಯನ್ನು ಇಷ್ಟು ಗಾಢವಾಗಿ ಯಾರೂ ಕಟ್ಟಿಲ್ಲ. ಆದರೆ ಚರ್ಚ್‌ನ ಅನುರಣನದಲ್ಲಿ ಓಬೋ, ಬಸೂನ್‌ಗಳು ಪಿಟೀಲುಗಳ ಹಿಂದೆ ಸರಿಯುತ್ತವೆ, ಅಡಾಜಿಯೊದ ಟಿಂಪನಿ ದೂರದ ಗುಡುಗಾಗುತ್ತದೆ. ನಮ್ಮ ನಡುಮನೆಯಲ್ಲಂತೂ ಫ್ಯಾನಿನ ಸದ್ದಿಗೇ ಅದು ಕರಗಿಹೋಯಿತು. ಧ್ವನಿ ಏರಿಸಿದರೆ ಮುಂದಿನ ಗಟ್ಟಿ ಭಾಗಕ್ಕೆ ಮನೆಯವರೆಲ್ಲ ಓಡಿ ಬರುತ್ತಾರೆ. ಆರನೆಯದು ಈ ಸೆಟ್‌ನ ದುರ್ಬಲ ಕೊಂಡಿ. ಹಳ್ಳಿಯ ದಾರಿಯಲ್ಲಿ ಇಷ್ಟು ಅವಸರ ಸಲ್ಲದು.

ಕ್ಲೆಂಪರರ್ ಸೆಟ್ ಬಗ್ಗೆ ಬರೆಯುವಾಗ ಕನ್ನಡಿಗನಾಗಿ ಒಂದು ಮಾತು ಹೇಳಲೇಬೇಕು. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ನಲವತ್ತರ ದಶಕದ ಕೊನೆಯಲ್ಲಿ ಧನಸಹಾಯ ನೀಡಿ ನಿಂತವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಹತ್ತು ವರ್ಷಗಳೊಳಗೆ ಅದೇ ವಾದ್ಯವೃಂದ ಕ್ಲೆಂಪರರ್ ಕೈಯಲ್ಲಿ ಈ ಸಿಂಫೊನಿಗಳನ್ನು ನುಡಿಸಿತು. ಈ ನಂಟು ನನಗೆ ಹೆಮ್ಮೆಯ ವಿಷಯ. ಆದರೆ ತೀರ್ಪು ಕಿವಿಯದೇ ಆಗಬೇಕು.

ಕಿವಿ ಹೇಳುವುದು ಇಷ್ಟು. ಕ್ಲೆಂಪರರ್ ಮೊದಲ ಪಿಟೀಲುಗಳನ್ನು ಎಡಕ್ಕೂ ಎರಡನೆಯವನ್ನು ಬಲಕ್ಕೂ ಕೂರಿಸುತ್ತಿದ್ದರು. ಆದ್ದರಿಂದ ಅಡಾಜಿಯೊದ ಓಲಾಟ ಬಲಗಡೆ ಶುರುವಾಗುತ್ತದೆ, ಹಾಡು ಎಡಗಡೆಯಿಂದ ಬರುತ್ತದೆ. ಎರಡು ಸ್ಪೀಕರ್‌ಗಳ ನಡುವೆ ಕುಳಿತಾಗ ಬೀಥೋವನ್ ಬರೆದದ್ದು ಕಣ್ಣಿಗೇ ಕಂಡಂತಾಗುತ್ತದೆ. ಇದು 1957ರ ಮುದ್ರಣ ಎಂದರೆ ನಂಬಲು ಕಷ್ಟ. ಗಾಳಿವಾದ್ಯಗಳು ಮುಂದೆ ನಿಂತು ಮಾತನಾಡುತ್ತವೆ. ಆದರೆ ನಡೆ ನಿಧಾನ, ಕೆಲವೆಡೆ ಬಹಳ ನಿಧಾನ. ಆರನೆಯದರ ರೈತರ ಕುಣಿತದಲ್ಲಿ ಕಾಲು ಏಳುವುದೇ ಇಲ್ಲ. ಎಂಟನೆಯದರ ಕೊನೆಯ ಭಾಗ ಭಾರವಾಗಿದೆ. ಮೂರನೆಯದರ ಮಟ್ಟಿಗೆ ಇದೇ ನಿಧಾನ ವರವಾಗಿದೆ. ಅಲ್ಲಿ ನಾಲ್ವರಲ್ಲಿ ಕ್ಲೆಂಪರರ್‌ಗೇ ಮೊದಲ ಸ್ಥಾನ.

ಇನ್ನು ಸೆಲ್. 1957ರಿಂದ 1964ರವರೆಗೆ ಮುದ್ರಿತವಾದ ಈ ಸೆಟ್‌ನ ಧ್ವನಿ ಒಣಗಿದ್ದು, ಹಿನ್ನೆಲೆಯಲ್ಲಿ ಟೇಪಿನ ಸಣ್ಣ ಮೊರೆತವೂ ಉಂಟು. ಸೌಂದರ್ಯಕ್ಕೆ ಸೋಲುವವರಿಗೆ ಮೊದಲ ಕೇಳಿಕೆಯಲ್ಲಿ ಹಿಡಿಸಲಾರದು. ಆದರೆ ಆ ಒಣ ಧ್ವನಿಯೇ ನಮ್ಮ ಊರಿನಲ್ಲಿ ಲಾಭವಾಯಿತು. ಮೆಲುದನಿಯ ಜಾಗಗಳು ಫ್ಯಾನಿನ ಸದ್ದಿನಲ್ಲೂ ಉಳಿದವು, ಮೆಟ್ರೋದಲ್ಲೂ ಉಳಿದವು. ಎಂಟನೆಯದರ ಕೊನೆಯ ಭಾಗವನ್ನು ಕೇಳಿ. ಮೆಲ್ಲಗೆ ಹೆಜ್ಜೆಯಿಡುತ್ತಿದ್ದ ಸಂಗೀತದ ನಡುವೆ ಇಡೀ ವಾದ್ಯವೃಂದ ಸಂಬಂಧವೇ ಇಲ್ಲದ ಒಂದು ಸ್ವರವನ್ನು ಅಬ್ಬರಿಸಿ, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಟಿಂಪನಿಯ ಎರಡೂ ಕಡಾಯಿಗಳನ್ನು ಒಂದೇ ಸ್ವರದ ಕೆಳಗಿನ ಮತ್ತು ಮೇಲಿನ ಸ್ಥಾಯಿಗಳಿಗೆ ಶ್ರುತಿ ಮಾಡಿರುವುದರಿಂದ ಅದಕ್ಕೂ ರಾಗದಲ್ಲಿ ಪಾಲು ಸಿಕ್ಕಿದೆ. ಸೆಲ್ ಇದನ್ನೆಲ್ಲ ಕತ್ತಿಯ ಅಲಗಿನ ಮೇಲೆ ನಡೆಸುತ್ತಾರೆ, ಎಲ್ಲೂ ಮುಗ್ಗರಿಸುವುದಿಲ್ಲ. ಕ್ಲೀವ್‌ಲ್ಯಾಂಡ್‌ನ ವಾದಕರು ಪರಸ್ಪರ ಕೇಳಿಸಿಕೊಳ್ಳುವ ರೀತಿ ನಮ್ಮ ಒಳ್ಳೆಯ ಪಕ್ಕವಾದ್ಯಗಾರರಂತಿದೆ.

ಡಿಸ್ಕ್ ಬದಲು ಮೊಬೈಲ್‌ನಲ್ಲಿ ಕೇಳುವವರು ಒಂದು ವಿಷಯ ನೋಡಿಕೊಳ್ಳಲೇಬೇಕು. ಐದನೆಯದರಲ್ಲಿ ಮೂರನೆಯ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ಹರಿಯುತ್ತದೆ. ಆರನೆಯದರಲ್ಲಿ ಕೊನೆಯ ಮೂರು ಭಾಗಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಕೆಲವು ಆ್ಯಪ್‌ಗಳು ಎರಡು ಟ್ರ್ಯಾಕ್‌ಗಳ ನಡುವೆ ಅರೆಕ್ಷಣ ಮೌನ ತುರುಕುತ್ತವೆ. ಕತ್ತಲಿನಿಂದ ಬೆಳಕಿಗೆ ದಾಟುವ ಆ ಜಾಗದಲ್ಲಿ ಇಂಥ ಬಿರುಕು ಅಸಹ್ಯ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸರಿಪಡಿಸಲು ಆಗದಿದ್ದರೆ ಡಿಸ್ಕ್ ಕೊಳ್ಳುವುದೇ ಒಳ್ಳೆಯದು.

ಒಂದೇ ಸೆಟ್‌ಗೆ ಹಣವಿದ್ದರೆ ಸೆಲ್ ತೆಗೆದುಕೊಳ್ಳಿ. ಎರಡು, ನಾಲ್ಕು, ಎಂಟು ಮೂರೂ ಒಂದೇ ಮಟ್ಟದಲ್ಲಿ ಚೆನ್ನಾಗಿರುವುದು ಅದರಲ್ಲಿ ಮಾತ್ರ. ಎರಡನೆಯ ಸೆಟ್ ಕೊಳ್ಳುವ ದಿನ ಬಂದರೆ ಗಾರ್ಡಿನರ್. ಸೆಲ್‌ನಲ್ಲಿ ಸಿಗದ ವಾದ್ಯಗಳ ಬಣ್ಣ ಅಲ್ಲಿದೆ. ಕಾರಾಯಾನ್ ಮತ್ತು ಕ್ಲೆಂಪರರ್ ಸೆಟ್‌ಗಳನ್ನು ಇಡಿಯಾಗಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಗಾಯಕಿ ಗುಂಡುಲಾ ಯಾನೊವಿಟ್ಸ್ ಹಾಡಿರುವ 1962ರ ಒಂಬತ್ತನೆಯದನ್ನು ಕಾರಾಯಾನ್‌ನಿಂದಲೂ, 1959ರ ಮೂರನೆಯದನ್ನು ಕ್ಲೆಂಪರರ್‌ನಿಂದಲೂ ಬಿಡಿಯಾಗಿ ತಂದುಕೊಂಡರೆ ಸಾಕು.